ಡೆಕಟ್ರಾನ್‌ನ ಚುಕ್ಕೆ ಆರರಲ್ಲೇ ನಿಂತುಬಿಟ್ಟರೆ

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವನು. ಕೆಲಸದ ಮೇಲೆ ಈಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೇನೆ. ಇಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಬೂದು ಬಣ್ಣದ ಭಾರದ ಪೆಟ್ಟಿಗೆಯೊಂದು ಸಿಕ್ಕಿತು. ವಿಕಿರಣ ಎಣಿಸುವ ಸ್ಕೇಲರ್ ಅಂದರು. ಮುಂದೆ ನಾಲ್ಕು ದುಂಡನೆಯ ಟ್ಯೂಬ್‌ಗಳಿವೆ. ಪ್ರತಿಯೊಂದರ ಸುತ್ತ 0ಯಿಂದ 9ರವರೆಗೆ ಅಂಕಿ. ಗಾಜಿನ ಮೇಲೆ ‘ಜಿಸಿ10ಬಿ’ ಎಂದಿದೆ. ಕರೆಂಟ್ ಕೊಟ್ಟು ‘ಟೆಸ್ಟ್’ ಸ್ವಿಚ್ ಹಾಕಿದೆ. ಮೊದಲನೆಯದರಲ್ಲಿ ಕಿತ್ತಳೆ ಚುಕ್ಕೆ ಸುತ್ತುತ್ತದೆ, ಆದರೆ 6ರ ಹತ್ತಿರ ತಡವರಿಸಿ ಕೆಲವೊಮ್ಮೆ ನಿಂತೇಬಿಡುತ್ತದೆ. ಎರಡನೆಯದರಲ್ಲಿ ಚುಕ್ಕೆ ಮುಂದೆ ಹೋಗುವುದೇ ಇಲ್ಲ, ಪಕ್ಕದಲ್ಲಿ ಇನ್ನೊಂದು ಮಂಕು ಚುಕ್ಕೆ ಮಿಣುಕುತ್ತದೆ. ಮೂರನೆಯದು 0ಯಲ್ಲಿ ಸುಮ್ನೆ ಉರಿಯುತ್ತದೆ. ನಾಲ್ಕನೆಯದು ಒಂದು ನಿಮಿಷ ಕತ್ತಲಾಗಿದ್ದು ಆಮೇಲೆ ಹೊತ್ತಿಕೊಂಡಿತು. ಟ್ಯೂಬ್‌ಗಳು ಸತ್ತಿವೆ, ಬೇರೆ ಕೊಳ್ಳಬೇಕು ಎಂದು ಒಬ್ಬ ಸ್ನೇಹಿತರು ಹೇಳಿದರು. ಒಳಗೆ ವಿಕಿರಣ ಸೂಸುವ ಗ್ಯಾಸ್ ಇದೆ, ಮಕ್ಕಳಿರುವ ಮನೆಯಲ್ಲಿ ಬೇಡ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ನನಗೆ ಎಂಟು ವರ್ಷದ ಮಗಳಿದ್ದಾಳೆ. ಇಟ್ಟುಕೊಳ್ಳಲೇ, ಬಿಡಲೇ?

ಉತ್ತರ: ಇಟ್ಟುಕೊಳ್ಳಿ. ಆ ದುಂಡನೆಯ ಟ್ಯೂಬ್‌ಗಳ ಹೆಸರು ಡೆಕಟ್ರಾನ್, ಒಳಗಿನ ಗ್ಯಾಸಿನ ಹೊಳಪನ್ನು ಸುತ್ತಿಸಿ ಎಣಿಸುವ ಟ್ಯೂಬ್. ಜಿಸಿ10ಬಿ ಅದರ ಒಂದು ಮಾದರಿ. ಆದರೆ ಈ ಉತ್ತರ ಪೂರ್ತಿ ಓದುವವರೆಗೆ ಅದಕ್ಕೆ ಮತ್ತೆ ಕರೆಂಟ್ ಕೊಡಬೇಡಿ. ನಿಮ್ಮ ಭಯ ಎರಡು: ಟ್ಯೂಬ್ ಸತ್ತಿದೆಯೇ, ಮಗಳಿಗೆ ಅಪಾಯವಿದೆಯೇ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಾಲ್ಕರಲ್ಲಿ ಒಂದು ಟ್ಯೂಬ್ ಮಾತ್ರ ನಿಜಕ್ಕೂ ಕಾಯಿಲೆ ಬಿದ್ದಂತಿದೆ. ಅದೂ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ. ಇನ್ನು ಅಪಾಯ. ಅದು ಇದೆ, ಆದರೆ ನಿಮ್ಮ ಸ್ನೇಹಿತರು ತೋರಿಸಿದ ಕಡೆ ಇಲ್ಲ.

ಮೊದಲು ವಿಕಿರಣದ ಮಾತು. ಜಿಸಿ10ಬಿ ಒಳಗೆ ಇರುವುದು ನಿಯಾನ್, ಅಂಗಡಿ ಬೋರ್ಡುಗಳಲ್ಲಿ ಉರಿಯುವ ಅದೇ ಗ್ಯಾಸ್. ಕಿತ್ತಳೆ ಬಣ್ಣ ಬರುವುದು ಅದರಿಂದಲೇ. ನೇರಳೆ ಬಣ್ಣದಲ್ಲಿ ಉರಿಯುವ ಡೆಕಟ್ರಾನ್‌ಗಳೂ ಇವೆ, ಅವುಗಳಲ್ಲಿ ಆರ್ಗಾನ್ ಇರುತ್ತದೆ. ಗ್ಯಾಸನ್ನು ಹೊತ್ತಿಸುವುದು ವೋಲ್ಟೇಜ್, ವಿಕಿರಣ ಅಲ್ಲ. ನಾನೂರು-ಐನೂರು ವೋಲ್ಟ್‌ನಲ್ಲಿ ಎಕ್ಸ್-ರೇ ಹೊರಬರುತ್ತದೆ ಅನ್ನುವುದೂ ಸುಳ್ಳು. ಗಾಜು ಒಡೆದರೆ ಕೈ ಕುಯ್ದುಕೊಳ್ಳದಂತೆ ನೋಡಿಕೊಳ್ಳಿ, ಅಷ್ಟೆ. ಒಳಗಿರುವ ಚೂರು ನಿಯಾನ್‌ನಿಂದ ಯಾರಿಗೂ ಏನೂ ಆಗುವುದಿಲ್ಲ.

ಆದರೂ ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ನಿಮ್ಮ ನಾಲ್ಕನೇ ಟ್ಯೂಬ್ ತಡವಾಗಿ ಹೊತ್ತಿಕೊಂಡಿತಲ್ವಾ, ಅದಕ್ಕೂ ಇದಕ್ಕೂ ಸಂಬಂಧವಿದೆ. ಇಂಥ ಟ್ಯೂಬ್‌ನಲ್ಲಿ ಕಾಯಿಸುವ ಫಿಲಮೆಂಟ್ ಇರುವುದಿಲ್ಲ. ಗ್ಯಾಸ್ ಹೊತ್ತಿಕೊಳ್ಳಬೇಕಾದರೆ ಒಳಗೆ ಎಲ್ಲೋ ಒಂದೆರಡು ಎಲೆಕ್ಟ್ರಾನ್ ಬಿಡಿಯಾಗಿ ಓಡಾಡುತ್ತಿರಬೇಕು. ಹೊರಗಿನ ಬೆಳಕು ಬಿದ್ದರೆ ಲೋಹದಿಂದ ಅವು ಹೊರಬರುತ್ತವೆ. ಕತ್ತಲೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತ ಟ್ಯೂಬ್‌ಗೆ ಅದೂ ಇಲ್ಲ, ಹಾಗಾಗಿ ಕಾಯಬೇಕಾಗುತ್ತದೆ. ಈ ಕಾಯುವಿಕೆ ತಪ್ಪಿಸಲೆಂದೇ ಆ ಕಾಲದ ಕೆಲವು ಬೇರೆ ಟ್ಯೂಬ್‌ಗಳಲ್ಲಿ, ಸಿಡಿಲಿನ ಹೊಡೆತ ತಡೆಯುವ ಕೆಲವು ಅರೆಸ್ಟರ್‌ಗಳಲ್ಲಿ, ತೀರಾ ಕಡಿಮೆ ಪ್ರಮಾಣದ ವಿಕಿರಣ ವಸ್ತು ಹಾಕುತ್ತಿದ್ದರು. ಆ ಸಂಗತಿ ಬಾಯಿಂದ ಬಾಯಿಗೆ ಹೋಗಿ ಎಲ್ಲ ಗ್ಯಾಸ್ ಟ್ಯೂಬ್‌ಗಳ ಮೇಲೂ ಆರೋಪವಾಗಿ ಕೂತಿದೆ. ಮುಂದಿನ ಸಲ ನಾಲ್ಕನೆಯದು ಹೊತ್ತಿಕೊಳ್ಳದಿದ್ದರೆ ಮುಂದಿನಿಂದ ಟಾರ್ಚ್ ಬೆಳಕು ಬಿಟ್ಟು ನೋಡಿ. ತಕ್ಷಣ ಹೊತ್ತಿಕೊಂಡರೆ ಅದಕ್ಕೆ ಬೇರೆ ಚಿಕಿತ್ಸೆಯೇ ಬೇಡ.

ವಿಕಿರಣದ ವಿಚಾರದಲ್ಲಿ ನೋಡಬೇಕಾದದ್ದು ಟ್ಯೂಬನ್ನಲ್ಲ, ಪೆಟ್ಟಿಗೆಯನ್ನು. ಹಳೆಯ ಎಣಿಕೆ ಯಂತ್ರಗಳ ಜೊತೆ ಪರೀಕ್ಷೆಗೆಂದು ಸಣ್ಣ ವಿಕಿರಣ ಮೂಲವೊಂದು, ಬಿಲ್ಲೆಯ ರೂಪದಲ್ಲೋ ಕಡ್ಡಿಯ ತುದಿಯಲ್ಲೋ, ಉಳಿದುಬಿಟ್ಟಿರುವುದುಂಟು. ಆ ಕಾಲದ ಕೆಲವು ಮೀಟರ್ ಮುಳ್ಳುಗಳಿಗೆ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿದಿರುತ್ತಿದ್ದರು. ಅಂಥದ್ದು ಕಂಡರೆ ಕೆರೆಯಬೇಡಿ, ಮೀಟರ್ ಬಿಚ್ಚಬೇಡಿ. ಪೆಟ್ಟಿಗೆಯನ್ನು ಬೇರೆ ಕೋಣೆಗೆ ಸರಿಸಿ ಸ್ಥಳೀಯ ಆಡಳಿತವನ್ನು ಕೇಳಿ. ಏನೂ ಇಲ್ಲದಿದ್ದರೆ ಈ ಅಧ್ಯಾಯ ಮುಗಿಯಿತು.

ಇನ್ನು ಟ್ಯೂಬ್‌ನ ಒಳಗೆ ಬರೋಣ. ಚುಕ್ಕೆ ಹೇಗೆ ನಡೆಯುತ್ತದೆ ಅನ್ನುವುದು ತಿಳಿದರೆ ಎಲ್ಲಿ ಕೆಟ್ಟಿದೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಮೇಲಿನಿಂದ ಬಗ್ಗಿ ನೋಡಿ. ನಡುವೆ ಒಂದು ದುಂಡು ತಟ್ಟೆ ಇದೆ, ಅದು ಆನೋಡ್, ಅಂದರೆ ಧನ ತುದಿ. ಅದರ ಸುತ್ತ ಮೂವತ್ತು ಸಣ್ಣ ಕಡ್ಡಿಗಳು ನಿಂತಿವೆ. ಪ್ರತಿ ಮೂರನೆಯದು ಮುಖ್ಯ ಕ್ಯಾಥೋಡ್, ಅಂದರೆ ಋಣ ತುದಿ. ಅಂಥವು ಹತ್ತು, ಅಂಕಿಗೆ ಒಂದರಂತೆ. ಎರಡು ಕ್ಯಾಥೋಡ್‌ಗಳ ನಡುವೆ ಹೊಳಪನ್ನು ಮುಂದಕ್ಕೆ ದಾಟಿಸುವ ಎರಡು ಗೈಡ್‌ಗಳು. ಎಲ್ಲ ಒಂದನೇ ಗೈಡ್‌ಗಳನ್ನು ಒಳಗೇ ಒಟ್ಟಿಗೆ ಸೇರಿಸಿದ್ದಾರೆ, ಎರಡನೇ ಗೈಡ್‌ಗಳನ್ನೂ ಹಾಗೆಯೇ. ಹೊಳಪು ಯಾವಾಗಲೂ ಒಂದೇ ಕ್ಯಾಥೋಡ್ ಮೇಲೆ ಕೂತಿರುತ್ತದೆ. ಒಂದು ಪಲ್ಸ್, ಅಂದರೆ ಎಣಿಸಬೇಕಾದ ವಿದ್ಯುತ್ ಮಿಡಿತ, ಬಂದಾಗ ಮೊದಲು ಒಂದನೇ ಗೈಡ್ ಋಣ ವೋಲ್ಟೇಜ್‌ಗೆ ಇಳಿಯುತ್ತದೆ, ಹೊಳಪು ಪಕ್ಕದ ಕಡ್ಡಿಗೆ ಜಿಗಿಯುತ್ತದೆ. ಆಮೇಲೆ ಎರಡನೇ ಗೈಡ್ ಇಳಿಯುತ್ತದೆ, ಇನ್ನೊಂದು ಹೆಜ್ಜೆ. ಗೈಡ್‌ಗಳು ಮತ್ತೆ ಮೇಲೆದ್ದಾಗ ಹೊಳಪು ಮುಂದಿನ ಕ್ಯಾಥೋಡ್‌ಗೆ ಹೋಗಿ ಕೂರುತ್ತದೆ. ಗೈಡ್‌ಗಳ ಸರದಿ ತಿರುಗಿಸಿದರೆ ಎಣಿಕೆ ಹಿಂದಕ್ಕೆ ನಡೆಯುತ್ತದೆ. ಹತ್ತು ಹೆಜ್ಜೆಗೊಮ್ಮೆ 0 ಕ್ಯಾಥೋಡ್‌ನಿಂದ ಒಂದು ಪಲ್ಸ್ ಹೊರಬಂದು ಮುಂದಿನ ಟ್ಯೂಬನ್ನು ನೂಕುತ್ತದೆ, ಸ್ಕೂಟರಿನ ಕಿಲೋಮೀಟರ್ ಮೀಟರಿನಲ್ಲಿ ಒಂದು ಚಕ್ರ ಪಕ್ಕದ ಚಕ್ರವನ್ನು ತಿರುಗಿಸಿದ ಹಾಗೆ. ಹೀಗೆ ಎಣಿಸುವುದು, ನೆನಪಿಡುವುದು, ತೋರಿಸುವುದು ಮೂರೂ ಒಂದೇ ಗಾಜಿನೊಳಗೆ ನಡೆಯುತ್ತವೆ. ಜನ ಇದನ್ನು ನಿಕ್ಸಿ ಟ್ಯೂಬ್ ಜೊತೆ ಸೇರಿಸಿ ಮಾತಾಡುತ್ತಾರೆ. ನಿಕ್ಸಿ ಅಂಕಿ ತೋರಿಸುತ್ತದೆ ಅಷ್ಟೆ, ಎಣಿಸುವ ಕೆಲಸವನ್ನು ಬೇರೆ ಸರ್ಕ್ಯೂಟ್ ಮಾಡಿಕೊಡಬೇಕು. ಒಂದು ಬಾಟಲಿ ಗ್ಯಾಸ್ ಇಷ್ಟು ಕೆಲಸ ಮಾಡುತ್ತದಲ್ಲ ಎಂದು ನನಗೆ ಇವತ್ತಿಗೂ ಬೆರಗು.

ಈಗ ನಿಮ್ಮ ಟ್ಯೂಬ್‌ಗಳನ್ನು ಇದರ ಬೆಳಕಿನಲ್ಲಿ ನೋಡಿ. ಎರಡನೆಯದರಲ್ಲಿ ಚುಕ್ಕೆ ಮುಂದೆ ಹೋಗುತ್ತಿಲ್ಲ, ಪಕ್ಕದಲ್ಲಿ ಮಂಕು ಮಿಣುಕು. ಅಂದರೆ ಹೊಳಪು ಒಂದನೇ ಗೈಡ್‌ಗೆ ಹೋಗಿ ಮತ್ತೆ ಹಳೆಯ ಜಾಗಕ್ಕೇ ವಾಪಸ್ ಬರುತ್ತಿದೆ. ಎರಡನೇ ಗೈಡ್‌ಗೆ ಪಲ್ಸ್ ತಲುಪುತ್ತಿಲ್ಲ, ಇಲ್ಲವೇ ತೀರಾ ಬಡಕಲಾಗಿದೆ. ಇದು ಬಹುತೇಕ ಸರ್ಕ್ಯೂಟಿನ ತಪ್ಪು: ಸಾಕೆಟ್‌ನ ಕಿಲುಬು ಹಿಡಿದ ಪಿನ್, ಬಿಟ್ಟುಹೋದ ಬೆಸುಗೆ, ಕೆಟ್ಟ ಕೆಪಾಸಿಟರ್. ಮೂರನೆಯದರ ಮೇಲೆ ದೂರೇ ಇಲ್ಲ. ಎರಡನೆಯದು ಒಂದು ಸುತ್ತನ್ನೂ ಮುಗಿಸುತ್ತಿಲ್ಲವಾದ್ದರಿಂದ ಮೂರನೆಯದಕ್ಕೆ ಪಲ್ಸೇ ಬರುತ್ತಿಲ್ಲ, ಪಾಪ ಅದು 0ಯಲ್ಲಿ ಕಾಯುತ್ತಾ ಕೂತಿದೆ.

ಉಳಿದದ್ದು 6ರಲ್ಲಿ ತಡವರಿಸುವ ಮೊದಲನೆಯದು. ಡೆಕಟ್ರಾನ್ ರಿಪೇರಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವ ನಿಯಮವನ್ನು ಇಲ್ಲಿ ಹೇಳಬೇಕು. ಜಿಸಿ10ಬಿಯಲ್ಲಿ 1ರಿಂದ 9ರವರೆಗಿನ ಕ್ಯಾಥೋಡ್‌ಗಳನ್ನು ಒಳಗೇ ಸೇರಿಸಿ ಒಂದೇ ಪಿನ್‌ಗೆ ತಂದಿದ್ದಾರೆ. 0 ಮಾತ್ರ ಬೇರೆ ಪಿನ್‌ನಲ್ಲಿ ಹೊರಬರುತ್ತದೆ. ಹೊರಗಿನ ಸರ್ಕ್ಯೂಟ್‌ಗೆ 5 ಯಾವುದು, 6 ಯಾವುದು ಎಂದು ಗೊತ್ತೇ ಆಗುವುದಿಲ್ಲ. ಹಾಗಾಗಿ ತೊಂದರೆ ಪ್ರತಿ ಸಲ ಒಂದೇ ಅಂಕಿಯಲ್ಲಿ ಬಂದರೆ ಅದು ಟ್ಯೂಬ್‌ನದ್ದು. ಒಮ್ಮೆ 3ರಲ್ಲಿ, ಒಮ್ಮೆ 8ರಲ್ಲಿ, ಸಿಕ್ಕಸಿಕ್ಕಲ್ಲಿ ಬಂದರೆ ಸರ್ಕ್ಯೂಟಿನದ್ದು. 9ರಿಂದ 0ಗೆ ಹೋಗುವಾಗ ಅಥವಾ 0ಯಿಂದ 1ಕ್ಕೆ ದಾಟುವಾಗ ಮಾತ್ರ ಬಂದರೆ 0 ಕ್ಯಾಥೋಡ್‌ಗೆ ಕಟ್ಟಿದ ಬಿಡಿಭಾಗಗಳನ್ನು ನೋಡಿ. ನಿಮ್ಮದು ಯಾವಾಗಲೂ 6. ಹಾಗಾಗಿ ಟ್ಯೂಬ್‌ನ ಮೇಲೇ ಅನುಮಾನ.

ಹೀಗೇಕೆ ಆಗುತ್ತದೆ? ಹೊಳಪು ಕೂತ ಕ್ಯಾಥೋಡ್‌ಗೆ ಅಯಾನುಗಳು, ಅಂದರೆ ಚಾರ್ಜ್ ಹೊತ್ತ ಗ್ಯಾಸ್ ಕಣಗಳು, ಸತತವಾಗಿ ಬಡಿಯುತ್ತಿರುತ್ತವೆ. ಆ ಹೊಡೆತಕ್ಕೆ ಲೋಹದ ಕಣಗಳು ಎದ್ದು ಅಕ್ಕಪಕ್ಕದ ಕಡ್ಡಿಗಳ ಮೇಲೆ ಹೋಗಿ ಕೂರುತ್ತವೆ. ಯಂತ್ರವನ್ನು ಆನ್ ಮಾಡಿ ಎಣಿಸಲು ಏನೂ ಕೊಡದೆ ತಿಂಗಳುಗಟ್ಟಲೆ ಬಿಟ್ಟರೆ ಒಂದೇ ಕ್ಯಾಥೋಡ್ ಸವೆಯುತ್ತದೆ, ಪಕ್ಕದವು ಹೊದಿಕೆ ಹೊದ್ದುಕೊಳ್ಳುತ್ತವೆ. ಹೊಳಪಿಗೆ ಅಲ್ಲಿಂದ ದಾಟುವುದು ಕಷ್ಟವಾಗುತ್ತದೆ. ವರ್ಷಾನುಗಟ್ಟಲೆ ಆಫ್ ಆಗಿ ಕೂತ ಟ್ಯೂಬ್‌ನಲ್ಲೂ ಕಡ್ಡಿಗಳ ಮೈಮೇಲೆ ಕೊಳೆ ಕೂರುತ್ತದೆ. ಓಡುತ್ತಲೇ ಇರುವ ಡೆಕಟ್ರಾನ್ ಹೆಚ್ಚು ಬಾಳುತ್ತದೆ. ಒಂದೇ ಜಾಗದಲ್ಲಿ ನಿಂತು ಉರಿಯುವುದೇ ಅದಕ್ಕೆ ದೊಡ್ಡ ಶತ್ರು.

ಔಷಧಿಯೂ ಇಲ್ಲೇ ಇದೆ: ಸುತ್ತಿಸಬೇಕು. ಹೊಳಪು ಮತ್ತೆ ಮತ್ತೆ ಹತ್ತೂ ಕ್ಯಾಥೋಡ್ ಮೇಲೆ ಹಾದುಹೋದರೆ ಅಯಾನುಗಳ ಅದೇ ಹೊಡೆತ ಹೊದಿಕೆಯನ್ನು ಕೆತ್ತಿ ತೆಗೆಯುತ್ತದೆ. ಕೆಲವು ಟ್ಯೂಬ್‌ಗಳು ಕೆಲವೇ ಗಂಟೆಗಳಲ್ಲಿ ಸರಿಹೋಗುತ್ತವೆ, ಕೆಲವಕ್ಕೆ ದಿನಗಳು ಬೇಕು. ಟ್ಯೂಬ್ ಮೇಲೆ ಬೆರಳಿನಿಂದ ತಟ್ಟಿದರೆ ಚುಕ್ಕೆ ಬಿಡಿಸಿಕೊಳ್ಳುತ್ತದೆ ಅನ್ನುವವರಿದ್ದಾರೆ. ಅದನ್ನು ಮಾತ್ರ ಮಾಡಬೇಡಿ. ಒಳಗಿನ ಕಡ್ಡಿಗಳ ಅಂತರ ಕೆಟ್ಟರೆ ಮತ್ತೆ ಸರಿಮಾಡಲು ಯಾರಿಂದಲೂ ಆಗದು.

ಸುತ್ತಿಸುವ ಮೊದಲು ಪೆಟ್ಟಿಗೆಯ ಒಳಗನ್ನು ನೋಡಲೇಬೇಕು. ಮೊದಲೇ ಹೇಳಿದ ಅಪಾಯ ಇರುವುದು ಇಲ್ಲಿ. ಜಿಸಿ10ಬಿಗೆ ಸಾಮಾನ್ಯವಾಗಿ 475 ವೋಲ್ಟ್ ಡಿಸಿ ಕೊಡುತ್ತಾರೆ. ವಿಕಿರಣ ಎಣಿಸುವ ಸ್ಕೇಲರ್ ಆದ್ದರಿಂದ ವಿಕಿರಣವನ್ನು ಹಿಡಿಯುವ ಗೈಗರ್ ಟ್ಯೂಬ್‌ಗೆಂದು ಇನ್ನೊಂದು ಹೈವೋಲ್ಟೇಜ್ ಭಾಗವೂ ಇರುತ್ತದೆ, ಅದು ಒಂದೆರಡು ಸಾವಿರ ವೋಲ್ಟ್‌ವರೆಗೂ ಹೋಗಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಚಾರ್ಜ್ ಹಿಡಿದುಕೊಂಡಿರುತ್ತವೆ. ಇದು ಜೀವ ತೆಗೆಯಬಲ್ಲದು. ಮೀಟರ್‌ನಲ್ಲಿ ಸೊನ್ನೆ ನೋಡದೆ ಒಳಗೆ ಬೆರಳು ಇಡಬೇಡಿ. ಚಾರ್ಜ್ ಇಳಿಸಲು ಸ್ಕ್ರೂಡ್ರೈವರ್ ಬೇಡ, ರೆಸಿಸ್ಟರ್ ಮೂಲಕ ಇಳಿಸಿ. ಹಳೆಯ ಬ್ರಿಟಿಷ್ ವೈರಿನ ಬಣ್ಣವೂ ನೆನಪಿರಲಿ: ಕೆಂಪು ಲೈವ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಊರಲ್ಲಿ ನೋಡಿದ ಬಣ್ಣಗಳೇ ಆದರೂ ಈಗ ಇಂಗ್ಲೆಂಡಿನಲ್ಲಿ ಸಿಗುವ ಕಂದು-ನೀಲಿ ವೈರಿಗೆ ಜೋಡಿಸುವಾಗ ಗೊಂದಲ ಬೇಡ. ರಬ್ಬರ್ ಹೊದಿಕೆ ಮುಟ್ಟಿದರೆ ಉದುರುವಂತಿದ್ದರೆ ಆ ವೈರ್ ಬದಲಿಸಿ. ಲೋಹದ ಪೆಟ್ಟಿಗೆಗೆ ಅರ್ತ್ ಸರಿಯಾಗಿ ಕೂತಿದೆಯೇ ಎಂದು ಅಳೆದು ನೋಡಿ. ಮೇನ್ಸ್ ಕೆಲಸ ನಿಮಗೆ ರೂಢಿಯಿಲ್ಲದಿದ್ದರೆ ಇಷ್ಟನ್ನು ಹಳೆಯ ರೇಡಿಯೊ ರಿಪೇರಿ ಮಾಡುವವರ ಕೈಗೆ ಕೊಡಿ, ಸಂಕೋಚ ಬೇಡ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿಗೆ ಹಠಾತ್ತನೆ ಪೂರ್ತಿ ವೋಲ್ಟೇಜ್ ಕೊಟ್ಟರೆ ಅವು ಸಿಡಿಯಬಹುದು. ವೇರಿಯಾಕ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿ ಇಡುವ ಟ್ರಾನ್ಸ್‌ಫಾರ್ಮರ್) ಇಟ್ಟು ನಿಧಾನವಾಗಿ ಏರಿಸಬೇಕು, ಇಲ್ಲವೇ ಹೊಸವನ್ನು ಹಾಕಬೇಕು. ಮೇಣದ ಕಾಗದದ ಕೆಪಾಸಿಟರ್‌ಗಳನ್ನಂತೂ ನಾನು ನಂಬುವುದೇ ಇಲ್ಲ. ಅವು ಸೋರಿದರೆ ಗೈಡ್‌ಗಳ ವೋಲ್ಟೇಜ್ ಜಾರುತ್ತದೆ, ಎಣಿಕೆ ಹಾಳಾಗುತ್ತದೆ. ನಿಮ್ಮ ಎರಡನೇ ಟ್ಯೂಬ್‌ನ ಹಿಂದೆಯೂ ಅಂಥದ್ದೇ ಒಂದು ಇರಬಹುದು.

ಇನ್ನೊಂದು ಭಾಗ ಮೇಲ್ನೋಟಕ್ಕೆ ಚೆನ್ನಾಗೇ ಕಾಣುತ್ತದೆ, ಆದರೆ ಡೆಕಟ್ರಾನ್‌ಗಳಿಗೆ ಸುಳ್ಳು ಮರಣಪತ್ರ ಬರೆಸುವುದರಲ್ಲಿ ಅದೇ ಮುಂದು. ಅದು ಆನೋಡ್ ರೆಸಿಸ್ಟರ್. 475 ವೋಲ್ಟ್ ಸಪ್ಲೈ ಜೊತೆ 820 ಕಿಲೋ ಓಮ್ ಹಾಕುವುದು ವಾಡಿಕೆ. ಹೊಳಪು ನಿಂತಿರುವಾಗ ಟ್ಯೂಬ್‌ನಲ್ಲಿ ಸುಮಾರು 190 ವೋಲ್ಟ್ ಉಳಿಯುತ್ತದೆ, ಮಿಕ್ಕ 285 ವೋಲ್ಟ್ ರೆಸಿಸ್ಟರ್ ಮೇಲೆ. ಲೆಕ್ಕ ಹಾಕಿದರೆ ಕರೆಂಟ್ 0.35 ಮಿಲಿಆಂಪ್ ಹತ್ತಿರ ಬರುತ್ತದೆ, ಟ್ಯೂಬ್‌ಗೆ ಹಿತವಾದ ಅಳತೆ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳ ಓಮ್ ವರ್ಷ ಕಳೆದಂತೆ ಏರುತ್ತದೆ. ಅದು 1.2 ಮೆಗಾ ಓಮ್ ಆಗಿದ್ದರೆ ಕರೆಂಟ್ 0.24ಕ್ಕೆ ಇಳಿಯುತ್ತದೆ. ಆಗ ಹೊಳಪು ಕ್ಯಾಥೋಡನ್ನು ಪೂರ್ತಿ ಆವರಿಸುವುದಿಲ್ಲ, ಸ್ವಲ್ಪ ದುರ್ಬಲವಾದ ಕ್ಯಾಥೋಡ್ ಬಂದ ಕೂಡಲೇ ಮುಗ್ಗರಿಸುತ್ತದೆ. ನಿಮ್ಮ 6ರ ತೊಂದರೆಯಲ್ಲಿ ಇದರ ಪಾಲೂ ಇರಬಹುದು. ಕಂಡುಹಿಡಿಯುವುದು ಸುಲಭ. ಎಲ್ಲ ಆಫ್ ಮಾಡಿ, ಚಾರ್ಜ್ ಇಳಿಸಿ, ಟ್ಯೂಬ್ ಕಿತ್ತು ರೆಸಿಸ್ಟರನ್ನು ಅಳೆಯಿರಿ. ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಿದ್ದರೆ ಬದಲಿಸಿ. ಚುಕ್ಕೆ ಇನ್ನೂ ಪ್ರಕಾಶವಾಗಿ ಉರಿಯಲಿ ಎಂದು ಕಡಿಮೆ ಓಮ್‌ನದ್ದು ಹಾಕುವವರಿದ್ದಾರೆ. ಅದರಿಂದ ಕ್ಯಾಥೋಡ್ ಬೇಗ ಸವೆಯುತ್ತದೆ, ಬೇಡ.

ಟ್ಯೂಬ್ ಕೀಳುವಾಗ ಗಾಜನ್ನು ಹಿಡಿದು ಎಳೆಯಬೇಡಿ, ಕೆಳಗಿನ ಕಪ್ಪು ಬೇಸ್ ಹಿಡಿಯಿರಿ. ಎಪ್ಪತ್ತು ವರ್ಷದ ಅಂಟು ಬಿಟ್ಟಿದ್ದರೆ ಗಾಜು ಬೇಸ್‌ನಿಂದ ಕಳಚಿ ಒಳಗಿನ ಕೂದಲೆಳೆಯಂಥ ತಂತಿಗಳು ತುಂಡಾಗುತ್ತವೆ. ಗಾಜಿನ ಮೇಲಿನ ಅಕ್ಷರವನ್ನೂ ಒರೆಸಬೇಡಿ, ಅದು ಬಟ್ಟೆಗೇ ಬಂದುಬಿಡುತ್ತದೆ. ಪಿನ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಆಮೇಲೆ ಒಂದನೆಯ ಮತ್ತು ಮೂರನೆಯ ಟ್ಯೂಬ್‌ಗಳ ಜಾಗ ಅದಲುಬದಲು ಮಾಡಿ ಟೆಸ್ಟ್ ಸ್ವಿಚ್ ಹಾಕಿ. 6ರ ತೊಂದರೆ ಟ್ಯೂಬ್ ಜೊತೆಗೇ ಹೋಯಿತೋ, ಮೊದಲ ಸಾಕೆಟ್‌ನಲ್ಲೇ ಉಳಿಯಿತೋ ತಿಳಿಯುತ್ತದೆ. ಹೊಸ ಟ್ಯೂಬ್‌ಗೆ ಹಣ ಕೊಡುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ಬದಲಿಸುವ ಮುನ್ನ ನಾಲ್ಕರ ಮೇಲೂ ನಂಬರ್ ಒಂದೇ ಇದೆಯೇ ನೋಡಿ. ಕೆಲವು ಯಂತ್ರಗಳಲ್ಲಿ ಮೊದಲನೆಯದು ಮಾತ್ರ ವೇಗದ ಬೇರೆ ಜಾತಿಯದ್ದಾಗಿರುತ್ತದೆ. ಎಲ್ಲ ಪಲ್ಸ್‌ಗಳೂ ಮೊದಲ ಟ್ಯೂಬ್‌ಗೇ ಬೀಳುತ್ತವೆ, ಎರಡನೆಯದಕ್ಕೆ ಹತ್ತನೇ ಒಂದು ಭಾಗ ಮಾತ್ರ. ಜಿಸಿ10ಬಿ ಸೆಕೆಂಡಿಗೆ ಸುಮಾರು 4,000ದವರೆಗೆ ಎಣಿಸಬಲ್ಲದು. ಅದಕ್ಕಿಂತ ವೇಗವಾದರೆ ಹೊಳಪು ಬಿಟ್ಟುಬಂದ ಜಾಗದಲ್ಲಿ ಅಯಾನುಗಳು ಆರುವ ಮೊದಲೇ ಮುಂದಿನ ಪಲ್ಸ್ ಬರುತ್ತದೆ, ಚುಕ್ಕೆ ದಾರಿ ತಪ್ಪುತ್ತದೆ. ಹಾಗಾಗಿ ನಾಲ್ಕರಲ್ಲಿ ಗಟ್ಟಿಯಾದದ್ದು ಮೊದಲ ಜಾಗದಲ್ಲಿರಲಿ, ಸುಸ್ತಾದದ್ದು ಕೊನೆಗೆ.

ಎಲ್ಲ ಸರಿಹೋಯಿತೇ ಎಂದು ನೋಡಲು ಟೆಸ್ಟ್ ಸ್ವಿಚ್ಚೇ ಸಾಕು. ಇಂಥ ಸ್ಕೇಲರ್‌ಗಳಲ್ಲಿ ಅದು ಸಾಮಾನ್ಯವಾಗಿ ಮೇನ್ಸ್ ಫ್ರೀಕ್ವೆನ್ಸಿಯನ್ನೇ ಎಣಿಕೆಗೆ ಕೊಡುತ್ತದೆ. ಅಂದರೆ ಸೆಕೆಂಡಿಗೆ 50, ಚುಕ್ಕೆ ಸೆಕೆಂಡಿಗೆ ಐದು ಸುತ್ತು. ಒಂದು ನಿಮಿಷ ಬಿಟ್ಟರೆ 3,000 ತೋರಿಸಬೇಕು. ನಾಲ್ಕಾರು ಆಚೀಚೆ ಆದರೆ ಅದು ಗ್ರಿಡ್‌ನ ಏರಿಳಿತ ಮತ್ತು ನಿಮ್ಮ ಕೈಗಡಿಯಾರದ ತಪ್ಪು. ನೂರಾರು ಕಡಿಮೆ ಬಂದರೆ ಎಲ್ಲೋ ಚುಕ್ಕೆ ಇನ್ನೂ ಮುಗ್ಗರಿಸುತ್ತಿದೆ. ಕೆಲವು ಯಂತ್ರಗಳು ಸೆಕೆಂಡಿಗೆ 100 ಕೊಡುವುದುಂಟು, ಆಗ 6,000 ಬರುತ್ತದೆ.

6ರ ಟ್ಯೂಬನ್ನು ದಿನಗಟ್ಟಲೆ ಸುತ್ತಿಸಬೇಕಾಗಿ ಬಂದರೆ ಈ ಹಳೆಯ ಪೆಟ್ಟಿಗೆಯಲ್ಲೇ ಬಿಟ್ಟು ಮಲಗಬೇಡಿ. ಹಳೆಯ ಟ್ರಾನ್ಸ್‌ಫಾರ್ಮರ್ ಅನ್ನು ರಾತ್ರಿ ನಂಬುವುದು ಕಷ್ಟ. ಅದಕ್ಕೆಂದೇ ಸಣ್ಣ ಸ್ಪಿನ್ನರ್ ಬೋರ್ಡ್ ಮಾಡಿಕೊಳ್ಳಬಹುದು: 12 ವೋಲ್ಟ್‌ನಿಂದ 450ಕ್ಕೆ ಏರಿಸುವ ಕನ್ವರ್ಟರ್, ಒಂದು ಮೈಕ್ರೋಕಂಟ್ರೋಲರ್, ಎರಡು ಗೈಡ್‌ಗೆ ಎರಡು ಹೈವೋಲ್ಟೇಜ್ ಟ್ರಾನ್ಸಿಸ್ಟರ್. ಮೇಲೆ ಪಾರದರ್ಶಕ ಅಕ್ರಿಲಿಕ್ ಡಬ್ಬಿ ಮುಚ್ಚಿದರೆ ಮಗಳೂ ಹತ್ತಿರ ಕೂತು ನೋಡಬಹುದು. ಡಬ್ಬಿ ಸ್ಕ್ರೂ ಹಾಕಿ ಮುಚ್ಚುವಂಥದ್ದಾಗಿರಲಿ, ಸುಮ್ನೆ ಎತ್ತಿದರೆ ಬರುವಂಥದ್ದು ಬೇಡ.

ಆದರೆ ನಾಲ್ಕೂ ಟ್ಯೂಬ್ ಕಿತ್ತು ಅಲಂಕಾರದ ಗಡಿಯಾರ ಮಾಡಿ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಯೋಚನೆ ಬಂದರೆ ದಯವಿಟ್ಟು ಕೈಬಿಡಿ. ಬಿಡಿ ಡೆಕಟ್ರಾನ್‌ಗಳು ಇನ್ನೂ ಮಾರಾಟಕ್ಕೆ ಸಿಗುತ್ತವೆ, ಇಡಿಯಾದ ಸ್ಕೇಲರ್‌ಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ನಿಮ್ಮದಕ್ಕೆ ಇನ್ನೊಂದು ವಿಶೇಷವೂ ಇದೆ. ಜಿಸಿ10ಬಿ ಹುಟ್ಟಿದ್ದು ನೀವೀಗ ಇರುವ ನಾಟಿಂಗ್‌ಹ್ಯಾಮ್‌ನ ಪಕ್ಕದ ಬೀಸ್ಟನ್‌ನಲ್ಲಿ, ಎರಿಕ್ಸನ್ ಟೆಲಿಫೋನ್ಸ್ ಕಾರ್ಖಾನೆಯಲ್ಲಿ. ಅಲ್ಲಿನ ಬೇಕನ್ ಮತ್ತು ಪೊಲಾರ್ಡ್ 1950ರಲ್ಲಿ ಡೆಕಟ್ರಾನ್‌ನ ವಿವರವನ್ನು ಪ್ರಕಟಿಸಿದರು.

ಹಳೆಯ ಡೆಕಟ್ರಾನ್ ಬಾಳುತ್ತದೆಯೇ ಎಂಬ ಅನುಮಾನವಿದ್ದರೆ ಒಂದು ದಿನ ಬ್ಲೆಚ್ಲಿಯ ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್‌ಗೆ ಮಗಳನ್ನು ಕರೆದುಕೊಂಡು ಹೋಗಿ. ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರದಲ್ಲಿ 1951ರಲ್ಲಿ ಕೆಲಸ ಶುರುಮಾಡಿದ ಕಂಪ್ಯೂಟರ್ ಅಲ್ಲಿದೆ. ಅದರ ನೆನಪಿನ ಕೋಶಗಳೆಲ್ಲ ಡೆಕಟ್ರಾನ್‌ಗಳೇ, 828 ಇವೆ. ಬಲು ನಿಧಾನದ ಯಂತ್ರ, ಒಂದು ಗುಣಾಕಾರಕ್ಕೆ ಐದರಿಂದ ಹತ್ತು ಸೆಕೆಂಡ್. ಆದರೆ ದಣಿವಿಲ್ಲ. ಒಬ್ಬ ಗಣಿತಜ್ಞರು ಮೇಜಿನ ಕ್ಯಾಲ್ಕುಲೇಟರ್ ಹಿಡಿದು ಅದರ ಜೊತೆ ಪೈಪೋಟಿಗೆ ಕೂತು, ಅರ್ಧ ಗಂಟೆ ಸಮಸಮ ನಡೆದು, ಸುಸ್ತಾಗಿ ಎದ್ದುಹೋದರಂತೆ. ಯಂತ್ರ ಮಾತ್ರ ಓಡುತ್ತಲೇ ಇತ್ತು. ಆಮೇಲೆ ಕಾಲೇಜು ಸೇರಿ, ಉಗ್ರಾಣ ಸೇರಿ, ರಿಪೇರಿಯಾಗಿ 2012ರ ನವೆಂಬರ್‌ನಲ್ಲಿ ಮತ್ತೆ ಚಾಲೂ ಆಯಿತು. ನೂರಾರು ಚುಕ್ಕೆಗಳು ಒಟ್ಟಿಗೆ ಓಡುವುದನ್ನು ಅಲ್ಲಿ ನೋಡಬಹುದು.

ಸುತ್ತಿಸಿದರೂ 6 ಬಗ್ಗದಿದ್ದರೆ ಆಗ ಮಾತ್ರ ಬದಲಿ ಟ್ಯೂಬ್ ಹುಡುಕಿ. ಜಿಸಿ10ಬಿಯನ್ನೇ ಬ್ರಿಟಿಷ್ ಸೇನೆಯ ನಂಬರಿನಲ್ಲಿ ಸಿವಿ2271 ಎಂದೂ ಮಾರುತ್ತಾರೆ. ಸೋವಿಯತ್ ಕಾಲದ ಓಜಿ-4 ಅಗ್ಗಕ್ಕೆ ಸಿಕ್ಕಬಹುದು, ನೋಡಲು ಇದರ ಹಾಗೇ ಇದೆ. ಆದರೆ ಬೇಸ್ ಕೂತಿತೆಂದು ಹಾಗೇ ಸಿಕ್ಕಿಸಬೇಡಿ, ಎರಡರ ಡೇಟಾ ಶೀಟ್ ಪಕ್ಕಪಕ್ಕ ಇಟ್ಟು ಪಿನ್ ಪಿನ್ ಹೋಲಿಸಿ. ಮಾರುವವರನ್ನು ಚುಕ್ಕೆ ಸುತ್ತುವ ವಿಡಿಯೊ ಕೇಳಿ. ಸುಮ್ನೆ ಒಂದು ಜಾಗದಲ್ಲಿ ಉರಿಯುವ ಫೋಟೊದಿಂದ ಏನೂ ತಿಳಿಯುವುದಿಲ್ಲ. ಕಿತ್ತಳೆಯಾಗಿರಬೇಕಾದ ಹೊಳಪು ಮಾಸಲು ನೇರಳೆಯಾಗಿ ಕಂಡರೆ ಅಥವಾ ಬೆಳಕು ಬಿಟ್ಟರೂ ಹೊತ್ತಿಕೊಳ್ಳದಿದ್ದರೆ ಒಳಗೆ ಗಾಳಿ ಹೊಕ್ಕಿರಬಹುದು. ಅಂಥದ್ದಕ್ಕೆ ಔಷಧಿ ಇಲ್ಲ, ದುಡ್ಡು ಕೊಡಬೇಡಿ.